ಹುಳ ಒಪ್ಪಿದ ಪುಡಿ

ಮಕ್ಕಳೇ, ನನ್ನ ದನಿ ಒಂದು ಆಟೋದ ಮೇಲೆ ಕೂತು ಮಧುವನಹಳ್ಳಿಯಿಂದ ಅಜ್ಜೀಪುರದವರೆಗೆ ಊರೂರು ಸುತ್ತಿದ ಸಂಗತಿಯನ್ನು ನಿಮ್ಮಮ್ಮ ನಿಮಗೆ ನಗುತ್ತಾ ಹೇಳಿರುತ್ತಾಳೆ. ಸೋಬಾನೆ ಹೇಳು ಎಂದರೆ ಅಡುಗೆಮನೆ ಸೇರಿಕೊಳ್ಳುವ ಅಜ್ಜಿ ಮೈಕಿನಲ್ಲಿ ಮಾತನಾಡಿದಳು ಎಂದರೆ ಯಾರಿಗಾದರೂ ನಗು ಬರುತ್ತದೆ. ಅದು ನಡೆದ ಮಳೆಗಾಲದಲ್ಲಿ ಮಾತ್ರ ನನಗೆ ನಗು ಬಂದಿರಲಿಲ್ಲ. ಬಾಯಲ್ಲಿ ಹೇಳಹೋದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ನಮ್ಮೂರಿನ ಹೆಂಗಸರ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೆ. ಬೆಳಿಗ್ಗೆ ಒಬ್ಬೊಬ್ಬರು ತಂದ ಹಾಲನ್ನು ಸೌಟಿನಿಂದ ಮೇಲೆ ಕೆಳಗೆ ಕಲಕಿ, ಸ್ವಲ್ಪವನ್ನು ಪುಟ್ಟ ಬಾಟಲಿಗೆ ಹಿಡಿದು, ಮಿಷನ್ನಿನ ಕೊಳವೆಗೆ ಕೊಡಬೇಕು. ಕಲಕದೆ ಹಿಡಿದರೆ ಮೇಲಿನ ಕೆನೆ ಬಂದು ಫ್ಯಾಟು ಜಾಸ್ತಿ ತೋರಿಸುತ್ತದೆ. ನೊರೆ ಸಮೇತ ಹಿಡಿದರೆ ಲೆಕ್ಕವೇ ಕೆಡುತ್ತದೆ. ಪರದೆಯ ಮೇಲೆ ಬಂದ ಅಂಕಿಯನ್ನು ನಾನು ಕೂಗಿ ಹೇಳುತ್ತಿದ್ದೆ. ನಾಲ್ಕು ಜನ ಸೇರಿದ ಕಡೆ ಮಾತೇ ಹೊರಡದ ನನಗೆ ಆ ಅಂಕಿ ಕೂಗುವಾಗ ಮಾತ್ರ ಯಾವ ಸಂಕೋಚವೂ ಇರಲಿಲ್ಲ, ಯಾಕೆಂದರೆ ಅದು ನನ್ನ ಮಾತಲ್ಲ, ಹಾಲಿನ ಮಾತು. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನಕ್ಕೆ ಆ ಅಂಕಿ ಓದಲು ಬಾರದು. ನನ್ನ ಬಾಯಿಂದ ಬಂದದ್ದನ್ನೇ ನಂಬಿ, ಕ್ಯಾನು ತೊಳೆದುಕೊಂಡು ಹೋಗುತ್ತಿದ್ದರು. ಹಾಗೆ ನಂಬುವವರೆಗೆ ಡೈರಿ. ನಂಬದಿದ್ದರೆ ದಾರಿಯಲ್ಲಿ ಹಾಲು ಕೊಳ್ಳುವ ವ್ಯಾನಿನವನು ಹಾರನ್ನು ಹೊಡೆಯುತ್ತಾ ನಿಂತೇ ಇರುತ್ತಿದ್ದ.

ಆ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಮೊದಲು ಒಂದೆರಡು ಮನೆಯ ಹಾಲು ಇಳಿಯಿತು. ಥಂಡಿಗೆ ಇರಬಹುದು ಎಂದುಕೊಂಡೆವು. ಆಮೇಲೆ ಹಾಲು ನೀರಿನ ಹಾಗೆ ತೆಳ್ಳಗೆ ಬರತೊಡಗಿತು. ಹಸುಗಳು ಗೋದಲಿಗೆ ಬಾಯಿ ಹಾಕದೆ ತಲೆ ಇಳಿಬಿಟ್ಟು ನಿಲ್ಲುತ್ತಿದ್ದವು, ಸಗಣಿ ನೀರಾಗುತ್ತಿತ್ತು, ಮೆಲುಕು ನಿಂತುಹೋಗಿತ್ತು. ನನ್ನ ಹಸುವೂ ಹಾಗೇ ಆಯಿತು. ಎಲ್ಲಕ್ಕಿಂತ ಕೆಟ್ಟುಹೋದದ್ದು ನನ್ನ ವಾರಗಿತ್ತಿಯ ಹಸು. ಅವಳೆಂದರೆ ನಿಮ್ಮ ತಾತನ ತಮ್ಮನ ಹೆಂಡತಿ, ನೀವು ಚಿಕ್ಕಜ್ಜಿ ಎನ್ನುತ್ತೀರಲ್ಲ, ಅವಳು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವಳ ಹಸು ತುಂಬು ಗಬ್ಬ. ಕರು ಹಾಕಲು ಇನ್ನು ಸ್ವಲ್ಪವೇ ಕಾಲ ಇತ್ತು.

ಕೊಳ್ಳೇಗಾಲದ ದನದ ಆಸ್ಪತ್ರೆಯ ಡಾಕ್ಟರು ಬಂದರು. ಹಸುವಿನ ಹೊಟ್ಟೆಗೆ ಕಿವಿ ಇಟ್ಟರು, ಕಣ್ಣು ಬಿಡಿಸಿ ನೋಡಿದರು, ಕೊನೆಗೆ "ಏನು ತಿನ್ನಿಸ್ತಿದ್ದೀರಿ ತೋರಿಸಿ" ಎಂದರು. ಡೈರಿಯಿಂದಲೇ ಎಲ್ಲರೂ ಕೊಳ್ಳುತ್ತಿದ್ದ ಒಂದು ಕಂಪನಿಯ ಫೀಡ್ಸ್ ಅದು. ಮೂಟೆ ಬಿಚ್ಚಿ ಒಂದು ಚಿಟಿಕೆಯನ್ನು ನಾಲಿಗೆಗೆ ಇಟ್ಟು ನೋಡಿದೆ. ನಮ್ಮಲ್ಲಿ ಹಿಂಡಿಯನ್ನು ನೋಡಿ ಕೊಳ್ಳುವುದು ಹಾಗೆಯೇ. ಕಹಿ, ಗಂಟಲಿನವರೆಗೂ ಕಹಿ. ಡಾಕ್ಟರು ಒಳಗೆ ಕೈ ಹಾಕಿ ಒಂದು ಗಂಟು ಹೊರತೆಗೆದರು. ಮುರಿದರೆ ಒಳಗೆ ಹಸಿರು ಬೂಷ್ಟು.

"ಬೂಷ್ಟಿನ ವಿಷ ಈಲಿಗೆ, ಲಿವರಿಗೆ ಇಳಿದಿದೆ. ಮೊದಲು ಇದನ್ನು ನಿಲ್ಲಿಸಿ" ಎಂದು ಹೇಳಿ, ಸ್ಯಾಂಪಲ್ ಕಟ್ಟಿಕೊಂಡು ಹೋದರು.

ಕಂಪನಿಗೆ ಸುದ್ದಿ ಮುಟ್ಟಿತು. ಎರಡು ಗಾಡಿಗಳಲ್ಲಿ ಬಂದರು. ಒಂದರಲ್ಲಿ ಒಬ್ಬ ಅಧಿಕಾರಿ, ವಯಸ್ಸು ಚಿಕ್ಕದು, ಮಾತು ಮೆದು. ಇನ್ನೊಂದರಲ್ಲಿ ಸ್ಟೀಲ್ ಬಕೆಟ್ಟುಗಳು, ಬಿಳಿ ಪುಡಿಯ ಪಾಕೀಟುಗಳು ಮತ್ತು ದೊಡ್ಡ ಫ್ಲೆಕ್ಸು. ಫ್ಲೆಕ್ಸಿನ ಮೇಲೆ ಕಪ್ಪು ಬಿಳಿ ಹಸುವೊಂದರ ಪಕ್ಕ ನಗುತ್ತಿರುವ ಹೆಂಗಸು. ಅವಳು ಉಟ್ಟಿದ್ದ ಸೀರೆಯಲ್ಲಿ ಯಾರೂ ಕೊಟ್ಟಿಗೆಗೆ ಹೋಗುವುದಿಲ್ಲ. "ಕಷ್ಟಕಾಲದಲ್ಲಿ ನಿಮ್ಮೊಂದಿಗೆ ನಾವು. ರೈತರ ನಗುವೇ ನಮ್ಮ ಲಾಭ" ಎಂದು ಬರೆದಿತ್ತು.

ನಮ್ಮ ಸಂಘದ ಅಧ್ಯಕ್ಷೆ ಗಟ್ಟಿ ಹೆಂಗಸು. ಅಧಿಕಾರಿ ಅವಳಿಗೆ ವಿವರಿಸಿದ. ಪುಡಿ ಹೊಟ್ಟೆಯಲ್ಲಿರುವ ವಿಷವನ್ನು ಹೀರಿಕೊಂಡು ಸಗಣಿಯಲ್ಲಿ ಹೊರಗೆ ತರುತ್ತದೆ, ಜೇಡಿಮಣ್ಣಿನಂಥದ್ದು, ಅಪಾಯವಿಲ್ಲ. ಉಚಿತ ಶಿಬಿರ ಮಾಡುತ್ತೇವೆ, ಹೊಸ ಮೂಟೆ ಕೊಡುತ್ತೇವೆ. ಆಮೇಲೆ ಕೇಳಿದ:

"ಜನಕ್ಕೆ ತಿಳಿಸೋಕೆ ಒಂದು ಆಟೋ ಬಿಡ್ತಿದ್ದೀವಿ. ಹನೂರು ಕಡೆಗೂ ಇದೇ ಫೀಡ್ಸ್ ಹೋಗಿದೆ. ಬೆಂಗಳೂರಿನ ದನಿ ಹಾಕಿದ್ರೆ ಯಾರೂ ಕೇಳಲ್ಲ. ಇಲ್ಲಿಯವರೇ ಯಾರಾದ್ರೂ ಹೇಳಿದ್ರೆ..."

ಅಧ್ಯಕ್ಷೆ ನನ್ನ ಕಡೆ ಬೆರಳು ತೋರಿಸಿದಳು. "ಇವ್ಳ ದನಿ ಎಲ್ರಿಗೂ ಗೊತ್ತು. ದಿನಾ ಬೆಳಗ್ಗೆ ಇವ್ಳ ಕೂಗೇ ನಮ್ಮೂರ ಕೋಳಿ. ಇವ್ಳ ಕೈಲೇ ಏಳ್ಸಿ ಸಾ."

"ನಂಗಾಗಕಿಲ್ಲ ಕಣಮ್ಮಿ" ಎಂದೆ.

"ಅಸ ಉಳಿಯೋ ಮಾತು. ಬಾಯಿ ಬುಡು ಸುಮ್ಕೆ."

ಹಸು ಉಳಿಯುವ ಮಾತು ಎಂದಮೇಲೆ ಒಪ್ಪಿಕೊಂಡೆ.

ಧ್ವನಿ ಹಿಡಿಯಲು ಸದ್ದಿಲ್ಲದ ಜಾಗ ಬೇಕಿತ್ತು. ವಾರಗಿತ್ತಿಯ ಹುಳದ ಮನೆಗೆ ಕಿಟಕಿಗಳು ಕಡಿಮೆ, ಬಾಗಿಲು ಭದ್ರ ಎಂದು ಅಲ್ಲಿಗೆ ಹೋದೆವು. ನಿಮ್ಮ ಯಳಂದೂರಿನ ಮನೆಯಲ್ಲಿ ರೇಷ್ಮೆ ಇಲ್ಲವಾದ್ದರಿಂದ ಹೇಳುತ್ತೇನೆ. ಬಿದಿರು ತಟ್ಟೆಗಳಲ್ಲಿ ಹುಳಗಳನ್ನು ಬಿಟ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೆ ಅವು ಹಗಲೂ ರಾತ್ರಿ ಮೇಯುತ್ತವೆ. ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಚರ್ಮ ಕಳಚಿ ಎದ್ದು ಮತ್ತೆ ಮೇಯುತ್ತವೆ. ಅಂದು ಹುಳಗಳು ಮೇಯುತ್ತಿದ್ದವು. ಅಧಿಕಾರಿ ಬರೆದುಕೊಟ್ಟ ಕಾಗದ ಹಿಡಿದು ಓದಿದೆ. ಅವನು ಫೋನಿನಲ್ಲಿ ಹಿಡಿದದ್ದನ್ನು ಕೇಳಿ ಹುಬ್ಬು ಗಂಟು ಹಾಕಿದ.

"ಹೊರಗೆ ಮಳೆ ಬರ್ತಾ ಇದೆಯಾ ಅಮ್ಮ?"

ವಾರಗಿತ್ತಿ ನಕ್ಕಳು. "ಮಳೆ ಅಲ್ಲ ಸಾ, ಉಳ ಮೇಯೋ ಸದ್ದು. ಅವುಕ್ಕೆ ನಿಮ್ ಭಾಷಣ ಇಡಿಸ್ಲಿಲ್ಲ."

ಕೊನೆಗೆ ಅವನ ಕಾರಿನೊಳಗೆ ಗಾಜು ಏರಿಸಿಕೊಂಡು ಓದಿದೆ. ಎಷ್ಟು ಸಲ ತಪ್ಪಿದೆನೋ. ಕಾಗದದಲ್ಲಿ ಗೋಮಾತೆ ಇದ್ದಳು, ಸೇವೆ ಇತ್ತು, ಬದ್ಧತೆ ಇತ್ತು. ಮೂಟೆಯಲ್ಲಿದ್ದ ಬೂಷ್ಟಿನ ಮಾತೇ ಇರಲಿಲ್ಲ. ಓದುವ ಗಾಬರಿಯಲ್ಲಿ ಅದು ನನಗೆ ಹೊಳೆಯಲೂ ಇಲ್ಲ.

ಆಟೋ ಹೊರಟಿತು. ಮಾರನೆಯ ದಿನ ಹಾಲು ಹಾಕಲು ಬಂದವರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

"ನಮ್ ನಗುನೇ ಅವ್ರಿಗೆ ಲಾಭ ಅಂತೆ ಕಣ್ರಮ್ಮಿ."

"ಅಂಗಾರೆ ಯಾರೂ ನಗ್ಬ್ಯಾಡಿ. ಲಾಭ ಎಂಗ್ ಮಾಡ್ಕತಾರೋ ನೋಡಾನ."

ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಾನು ಒಬ್ಬಳ ಹಾಲಿನ ಅಂಕಿ ಕೂಗಿದೆ. ಅವಳು ಕ್ಯಾನು ಎತ್ತಲಿಲ್ಲ. "ಇನ್ನೊಂದ್ಸಲ ಆಕು" ಎಂದಳು. ಹಾಕಿದೆ, ಅದೇ ಅಂಕಿ ಬಂತು. "ನಿನ್ ಬಾಯಿ ಈಗ ಕಂಪ್ನಿ ಬಾಯಿ. ಎಂಗ್ ನಂಬಾದು?" ಎಂದು ಹೇಳಿ ಹೋದಳು. ಸಂಜೆ ಅವಳು ಬರಲಿಲ್ಲ. ಅವಳ ಹಾಲು ವ್ಯಾನಿಗೆ ಹೋಯಿತು. ಅವಳ ಹಿಂದೆ ಇನ್ನೊಬ್ಬಳು.

ಶಿಬಿರದ ದಿನ ಶಾಲೆಯ ಮುಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದರು. ಡಾಕ್ಟರೂ ಬಂದರು. ಆಸ್ಪತ್ರೆಯ ಜೀಪು ಕೆಟ್ಟು ನಿಂತಿತ್ತಾದ್ದರಿಂದ ಕಂಪನಿಯ ಗಾಡಿಯಲ್ಲೇ ಇಳಿದರು. ಅಷ್ಟು ಸಾಕಾಯಿತು. "ಡಾಕ್ಟ್ರೂ ಅವ್ರ ಪೈಕಿನೇ" ಎಂದು ಮಾತು ಹಬ್ಬಿತು. ಜನ ಬಂದರು, ಬಕೆಟ್ಟು ಇಸಕೊಂಡರು, ಪುಡಿಯ ಪಾಕೀಟನ್ನೂ ಇಸಕೊಂಡರು. ಹಸು ಮಾತ್ರ ಒಂದೂ ಬರಲಿಲ್ಲ. ಡಾಕ್ಟರು, "ನಾನು ಬಂದ ಗಾಡಿ ನೋಡಬೇಡ್ರಮ್ಮ, ಹಸು ತಂದು ತೋರಿಸಿ" ಎಂದು ಗೋಗರೆದರು. ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದರೆ ಹೆಂಗಸರು ಸೆರಗನ್ನು ಮುಖಕ್ಕೆ ಎಳೆದುಕೊಂಡರು.

ಇದು ಮೊಂಡುತನ ಎಂದು ಅಧಿಕಾರಿ ತಿಳಿದ. ನನಗೆ ಹಾಗೆ ಅನ್ನಿಸಲಿಲ್ಲ. ಒಬ್ಬಳು ಮುದುಕಿ ನನ್ನ ಕಿವಿಯಲ್ಲಿ ಹೇಳಿದ್ದಳು: "ಇವತ್ತು ಬಕೀಟ್ ಇಡ್ಕೊಂಡು ನಗ್ತಾ ಪೋಟ ತೆಗುಸ್ಕೊಂಡ್ರೆ ನಾಳೆ ಅಸ ಸತ್ತಾಗ ಅದನ್ನೇ ತೋರುಸ್ತಾರೆ. ಚೆನ್ನಾಗೇ ಇದ್ರಲ್ಲ ಅಂತ." ಇನ್ನೊಬ್ಬಳು ಕೇಳಿದಳು: "ತಪ್ಪು ಅವ್ರುದಲ್ಲ ಅಂದ್ರೆ ಪುಕ್ಕಟೆ ಯಾಕ್ ಕೊಡ್ತಾರೆ? ಅವ್ರುದೇ ಅಂದ್ರೆ ಯಾಕ್ ಏಳಕಿಲ್ಲ?" ಆ ಸಂಜೆ ರಾತ್ರಿಯಾಗುವುದರೊಳಗೆ ಫ್ಲೆಕ್ಸು ಯಾರದೋ ಸೋರುವ ಕೊಟ್ಟಿಗೆಯ ಮೇಲೆ ಹೋಗಿ ಕೂತಿತ್ತು. ಅವರು ತಂದದ್ದರಲ್ಲಿ ಜನ ಪೂರಾ ನಂಬಿದ್ದು ಅದೊಂದನ್ನೇ.

ಶಿಬಿರ ಮುಗಿದಮೇಲೆ ಡೈರಿಯ ಕೋಣೆಯಲ್ಲಿ ಉಳಿದ ಮೂಟೆಗಳನ್ನು ಒಂದೊಂದಾಗಿ ಬಿಚ್ಚಿ ನಾಲಿಗೆಗೆ ಇಟ್ಟು ನೋಡಿದೆ. ಕೆಲವು ಕಹಿ, ಕೆಲವು ಚೆನ್ನಾಗಿದ್ದವು. ಕಹಿ ಇದ್ದವನ್ನು ಬೇರೆ ಸರಿಸುತ್ತಾ ಹೋದಾಗ ಕಂಡಿತು: ಅವುಗಳ ಬಾಯನ್ನೆಲ್ಲ ಕೆಂಪು ದಾರದಲ್ಲಿ ಹೊಲಿದಿತ್ತು, ಚೆನ್ನಾಗಿದ್ದವುಗಳಿಗೆ ಬಿಳಿ ದಾರ. ಅಧಿಕಾರಿಯನ್ನು ಕರೆದು ತೋರಿಸಿದೆ. ಅವನು ದಾರವನ್ನು ಬೆರಳಿನಿಂದ ಮುಟ್ಟಿ ಕೈ ಹಿಂದಕ್ಕೆ ತೆಗೆದ. ಮುಖ ನೋಡಿದರೆ ಅವನಿಗೆ ಮೊದಲೇ ಗೊತ್ತಿತ್ತು ಎನ್ನಿಸಿತು.

ಮನೆಗೆ ಬಂದಾಗ ವಾರಗಿತ್ತಿ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಕೂತಿದ್ದಳು. ಹಸು ಮಲಗಿತ್ತು, ಎಬ್ಬಿಸಿದರೂ ಏಳುತ್ತಿರಲಿಲ್ಲ.

"ಪುಡಿ ಆಕುದ್ಯೇನೇ?" ಎಂದೆ.

"ನೀನ್ ಆಕುದ್ಯಾ ನಿನ್ ಅಸಿಗೆ?"

ನನ್ನ ಪಾಕೀಟು ದೇವರ ಗೂಡಿನಲ್ಲಿ ಬಿಚ್ಚದೆ ಇತ್ತು. ಡಾಕ್ಟರು ಹೇಳಿದ್ದರು, ನಾನೇ ಊರಿಗೆಲ್ಲ ಸಾರಿದ್ದೆ, ಆದರೂ ಬೆಳಿಗ್ಗೆ ಹಾಕೋಣ, ಸಂಜೆ ಹಾಕೋಣ ಎಂದು ಕೈ ಹಿಂಜರಿದಿತ್ತು.

"ನೋಡ್ದ? ಊರಿಗೆಲ್ಲ ಆಟೋದಲ್ಲಿ ಏಳಿ ಬಂದ್ಬುಟ್ಟು, ಮನೆ ಅಸಿಗೆ ಆಕಿಲ್ಲ" ಎಂದಳು. ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. "ನಾನೇನ್ ಚೆಲ್ಲಿಲ್ಲ ಬುಡು. ಉಳದ ಆಸಿಗೆಗೆ ಉದುರುಸ್ದೆ."

"ಉಳಕ್ಕಾ?" ಎಂದೆ.

ಮಳೆಗಾಲದಲ್ಲಿ ಹುಳದ ಹಾಸಿಗೆ, ಅಂದರೆ ತಟ್ಟೆಯಲ್ಲಿ ಉಳಿದ ಸೊಪ್ಪು ಹಿಕ್ಕೆಗಳೆಲ್ಲ ಸೇರಿ ಒದ್ದೆಯಾಗುತ್ತದೆ. ಒದ್ದೆಯಲ್ಲಿ ಜ್ವರಕ್ಕೆ ಕೂತರೆ ಹುಳಕ್ಕೆ ರೋಗ. ಅದಕ್ಕೆ ಸುಣ್ಣದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಮೇಲಿನಿಂದ ತೆಳುವಾಗಿ ಉದುರಿಸುತ್ತಾರೆ. ಅವಳಿಗೆ ಸುಣ್ಣ ಮುಗಿದಿತ್ತು. ಕಂಪನಿಯ ಪುಡಿಯೂ ಬೆಳ್ಳಗೆ, ನುಣ್ಣಗೆ ಇತ್ತು. ಹಸುವಿನ ಬಾಯಿಗೆ ಹಾಕಲು ನಂಬಿಕೆಯಿಲ್ಲ, ಕೊಟ್ಟದ್ದನ್ನು ಚೆಲ್ಲಲು ಮನಸ್ಸಿಲ್ಲ. ಹಾಗಾಗಿ ಜ್ವರಕ್ಕೆ ಕೂತ ಹುಳಗಳ ಮೇಲೆ ಉದುರಿಸಿಬಿಟ್ಟಿದ್ದಳು. ಅವಳೊಬ್ಬಳೇ ಅಲ್ಲ, ನಮ್ಮ ಬೀದಿಯಲ್ಲಿ ಹುಳವಿದ್ದ ಮೂರು ನಾಲ್ಕು ಮನೆಯವರು ಅವಳನ್ನು ನೋಡಿ ಹಾಗೇ ಮಾಡಿದ್ದರು.

ರೇಷ್ಮೆ ಹುಳದಷ್ಟು ನಾಜೂಕಾದ ಜೀವ ಇನ್ನೊಂದಿಲ್ಲ. ಪಕ್ಕದ ಹೊಲಕ್ಕೆ ಔಷಧಿ ಹೊಡೆದ ಗಾಳಿ ಬಂದರೆ ಸಾಯುತ್ತವೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹಸಿರು ಕಕ್ಕಿಕೊಂಡು ಸಾಯುತ್ತವೆ. ಪುಡಿಯಲ್ಲಿ ಏನಾದರೂ ಇದ್ದರೆ ಹಸುವಿನ ಜೊತೆಗೆ ಹುಳವೂ ಹೋಯಿತು. ಆ ಪಾಕೀಟು ಮನೆಮನೆಗೆ ಹೋದದ್ದು ನನ್ನ ದನಿ ಕೇಳಿ.

ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ಅವರು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ನಕ್ಕರು. "ಹುಳಕ್ಕೆ ಹಾಕಿ ಅಂತ ನಾನು ಹೇಳಿಲ್ಲ ತಾಯಿ. ಆದರೆ ಅದು ಮಣ್ಣಿನ ಪುಡಿ, ಏನೂ ಆಗಬಾರದು." ಆಗಬಾರದು ಎನ್ನುವುದಕ್ಕೂ ಆಗುವುದಿಲ್ಲ ಎನ್ನುವುದಕ್ಕೂ ನಡುವೆ ಒಂದು ದಿನ ಪೂರ್ತಿ ಕಳೆಯಬೇಕಿತ್ತು. ಜ್ವರಕ್ಕೆ ಕೂತ ಹುಳ ಬದುಕಿದೆಯೋ ಸತ್ತಿದೆಯೋ ನೋಡಿದರೆ ತಿಳಿಯುವುದಿಲ್ಲ. ಎರಡೂ ಒಂದೇ ಥರ ಕದಲದೆ ಕೂತಿರುತ್ತವೆ. ಬೆಳಿಗ್ಗೆ ಡೈರಿಗೆ ಹೋಗಿ ಅಂಕಿ ಕೂಗಿ ಬಂದೆ. ಕೂಗಲು ಹಾಲೇ ಹೆಚ್ಚಿರಲಿಲ್ಲ. ಬಂದು ಹುಳದ ಮನೆಯ ಬಾಗಿಲಲ್ಲಿ ನಿಂತೆ. ವಾರಗಿತ್ತಿ ಒಳಗೆ ಬಿಡಲಿಲ್ಲ. "ನೀನ್ ನೋಡಿದ್ರೆ ಏಳೋದೂ ಏಳಕಿಲ್ಲ, ಓಗು" ಎಂದಳು. ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದೆ.

ಮಧ್ಯಾಹ್ನ ಕಳೆದು ಅವಳೇ ಕೂಗಿದಳು. ಹೆದರಿಕೊಂಡೇ ಹೋದೆ. ತಟ್ಟೆಯ ಮೇಲೆ ಹುಳಗಳು ಹಳೆಯ ಚರ್ಮ ಬಿಟ್ಟು ಎದ್ದಿದ್ದವು. ಬಿಳಿ ಪುಡಿಯ ನಡುವೆ ತಲೆ ಆಡಿಸುತ್ತಾ ಮೇವು ಹುಡುಕುತ್ತಿದ್ದವು. ಅವಳು ಸೊಪ್ಪು ತಂದು ಹರಡಿದಳು. ನಾವಿಬ್ಬರೂ ಬಗ್ಗಿ ನೋಡಿದೆವು. ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಎಲ್ಲವೂ ಸೊಪ್ಪಿನ ಅಂಚು ಕಚ್ಚಿದವು. ಆ ಸದ್ದು ಶುರುವಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ವಾರಗಿತ್ತಿ ಒಂದು ಹುಳವನ್ನು ಅಂಗೈ ಮೇಲೆ ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. "ಉಳವೇ ಒಪ್ಕಂಡದೆ" ಎಂದಳು. ಆಮೇಲೆ ನನ್ನ ಮುಖ ನೋಡದೆ, "ಗೊಟ್ಟ ತಕಂಡ್ ಬಾ" ಎಂದಳು.

ನನ್ನ ಪಾಕೀಟನ್ನು ಬಿಚ್ಚಿದೆವು. ರಾಗಿ ಗಂಜಿಗೆ ಬೆಲ್ಲ ಹಾಕಿ ತೆಳ್ಳಗೆ ಮಾಡಿ, ಪುಡಿ ಕಲಕಿ, ಬಿದಿರಿನ ಗೊಟ್ಟದಲ್ಲಿ ತುಂಬಿದೆವು. ಮೈದುನ ಹಸುವಿನ ತಲೆ ಎತ್ತಿ ಹಿಡಿದ. ಅವಸರಪಟ್ಟು ಹೊಯ್ದರೆ ಉಸಿರಿನ ದಾರಿಗೆ ಹೋಗುತ್ತದೆ. ಕೆನ್ನೆಯ ಒಳಗಿನಿಂದ ಬಿಟ್ಟು, ನುಂಗಿದ್ದು ಗಂಟಲಲ್ಲಿ ಕಂಡಮೇಲೆ ಮತ್ತಷ್ಟು ಬಿಡಬೇಕು. ಮೊದಲು ನನ್ನ ಹಸುವಿಗೆ ಕುಡಿಸಿ, ಆಮೇಲೆ ಅವಳದ್ದಕ್ಕೆ ಕುಡಿಸಿದೆವು. ಸಂಜೆ ಡಾಕ್ಟರು ತಾವೇ ಬಾಡಿಗೆ ಬೈಕಿನಲ್ಲಿ ಬಂದು ಇಂಜೆಕ್ಷನ್ ಕೊಟ್ಟರು. "ಹುಳ ಎದ್ದದ್ದಕ್ಕೂ ಹಸು ಏಳೋದಕ್ಕೂ ಸಂಬಂಧ ಇಲ್ಲಮ್ಮ. ನೀವು ಕುಡಿಸಿದ್ದಕ್ಕೆ ಮಾತ್ರ ಸಂತೋಷ" ಎಂದರು. ಗಬ್ಬದ ಹಸುವಿನ ಬಗ್ಗೆ ಕೇಳಿದಾಗ ಮಾತ್ರ "ನೋಡೋಣ" ಎಂದಷ್ಟೇ ಹೇಳಿದರು.

ಮಾರನೆಯ ಬೆಳಿಗ್ಗೆ ಸಾಲಿನಲ್ಲಿದ್ದವರಿಗೆ ಸುದ್ದಿ ಹೇಳುವ ಕೆಲಸವನ್ನು ವಾರಗಿತ್ತಿಯೇ ಮಾಡಿದಳು. ಹುಳವಿದ್ದ ಉಳಿದ ಮನೆಯವರೂ ತಮ್ಮ ತಟ್ಟೆಗಳ ಸುದ್ದಿ ಹೇಳಿದರು. ಜನ ಕಂಪನಿಯನ್ನು ನಂಬಲಿಲ್ಲ, ನನ್ನನ್ನೂ ನಂಬಲಿಲ್ಲ, ಹುಳವನ್ನು ನಂಬಿದರು. ಪಾಕೀಟು ಇಟ್ಟುಕೊಂಡವರು ಗಂಜಿ ಕಾಯಿಸಲು ಹೋದರು.

ಅಷ್ಟು ಹೊತ್ತಿಗೆ ದೂರದಿಂದ ಆಟೋದ ಸದ್ದು ಬಂತು. ನನ್ನದೇ ದನಿ: "ರೈತರ ನಗುವೇ ನಮ್ಮ ಲಾಭ." ಹನೂರು, ಅಜ್ಜೀಪುರದ ಕಡೆಯ ಹೆಂಗಸರು ಇದನ್ನು ಕೇಳಿ ಪಾಕೀಟು ಮೂಲೆಗೆ ಎಸೆದು, ಕೆಂಪು ದಾರದ ಮೂಟೆಯನ್ನೇ ಬಿಚ್ಚಿ ಹಸುವಿಗೆ ಹಾಕುತ್ತಿರಬಹುದು. ಅವರಿಗೆ ಯಾರೂ ದಾರದ ಬಣ್ಣ ಹೇಳಿರಲಿಲ್ಲ.

ಅಧಿಕಾರಿಗೆ ಫೋನು ಮಾಡಿದೆ. ಹಾಗೆ ನಾನಾಗಿ ಯಾರಿಗೂ ಫೋನು ಮಾಡಿದವಳಲ್ಲ.

"ಸಾ, ಕೆಂಪು ದಾರದ ಮೂಟೆ ಬ್ಯಾಡ ಅಂತ ಆಟೋದಲ್ಲಿ ಏಳ್ಸಿ."

"ಅದಕ್ಕೆ ಮೇಲಿನವರು ಒಪ್ಪಲ್ಲ ಅಮ್ಮ. ಕೇಳಿ ನೋಡಿದೆ. ಜೊತೆಗಿದ್ದೀವಿ ಅಂತ ಹೇಳಬಹುದಂತೆ. ಯಾಕೆ ಜೊತೆಗಿದ್ದೀವಿ ಅಂತ ಹೇಳೋ ಹಾಗಿಲ್ಲವಂತೆ."

"ಅಂಗಾರೆ ನನ್ ದನಿ ತಗುದಾಕಿ ಸಾ. ನಾನು ಏಳಿದ್ದು ನನಗೇ ಸರಿ ಕಾಣಕಿಲ್ಲ."

ಅವನು ನಿಧಾನವಾಗಿ ಹೇಳಿದ: "ಆಟೋ ಬಾಡಿಗೆ ಈ ವಾರಕ್ಕೆಲ್ಲ ಆಗಿಹೋಗಿದೆ. ಆ ಧ್ವನಿ ನಿಲ್ಲಿಸು ಅಂತ ಡ್ರೈವರ್‌ಗೆ ಹೇಳ್ತೀನಿ. ಅದರ ಬದಲು ಏನು ಹಾಕಬೇಕು ಅಂತ ಅವನಿಗೆ ಹೇಳಲ್ಲ. ಮೈಕು ಗಾಡಿಯಲ್ಲೇ ಇರುತ್ತೆ."

ಅವನು ಅಷ್ಟು ಹೇಳಿದ್ದೇ ಅವನ ಕೆಲಸಕ್ಕೆ ಕುತ್ತು ತರಬಹುದಿತ್ತು. ಫೋನು ಇಟ್ಟಮೇಲೆ ಅಧ್ಯಕ್ಷೆಗೆ ಹೇಳಿದೆ: "ನಾನೇ ಓಯ್ತೀನಿ."

ಬರಿಗೈಯಲ್ಲಿ ಹೋದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ವಾರಗಿತ್ತಿಯನ್ನು ಒಂದು ತಟ್ಟೆ ಹುಳ ಕೇಳಿದೆ. ಪುಡಿ ಬಿದ್ದ ಹುಳವೇ ಬೇಕು, ಪುಡಿ ಹಾಗೇ ಕಾಣಬೇಕು.

"ಆಟೋದಲ್ಲಿ ಕುಲುಕುಸ್ಕಂಡು ಓಯ್ತೀಯಾ? ಒಂದು ಉಳ ನಿನ್ ಕೈಗೆ ಕೊಡಕಿಲ್ಲ" ಎಂದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. "ನಾನೇ ಬತ್ತೀನಿ. ನೀನು ಮಾತಾಡು. ತಟ್ಟೆ ನಾನ್ ಇಡ್ಕತೀನಿ."

"ಅಸ?"

"ಅವ್ರು ನೋಡ್ಕತಾರೆ. ಇಲ್ಲೇ ಕೂತು ಅದ್ರ ಮುಖ ನೋಡಕ್ಕೆ ನನ್ ಕೈಲಾಗಕಿಲ್ಲ ಕಣಕ್ಕ."

ಹೀಗೆ ಹೊರಟೆವು. ಅವಳ ಮಡಿಲಲ್ಲಿ ಬಿದಿರು ತಟ್ಟೆ, ಮೇಲೆ ತೆಳು ಬಟ್ಟೆ, ಪಕ್ಕದಲ್ಲಿ ಒಂದು ಕಟ್ಟು ಸೊಪ್ಪು, ನನ್ನ ಕೈಯಲ್ಲಿ ಮೈಕು. ಗುಂಡಿ ಬಂದಾಗಲೆಲ್ಲ ಡ್ರೈವರಿಗೆ ಬೈಗುಳ. "ಮೆತ್ತುಗ್ ಓಡ್ಸಪ್ಪ, ಬಸುರಿ ಕೂಡ್ಸ್ಕಂಡಿದೀಯ ಅನ್ಕೋ." ಅವನು, "ಎಷ್ಟು ಬಸುರಿ ಅಕ್ಕ, ನೂರೈವತ್ತಾ?" ಎಂದು ತಟ್ಟೆಯನ್ನು ನೋಡಿ ನಗುತ್ತಿದ್ದ.

ಮೊದಲ ಊರಿನಲ್ಲಿ ನನಗೆ ದನಿ ಹೊರಡಲೇ ಇಲ್ಲ. ಮೈಕು ಕೀಂಯ್ ಎಂದಿತು. ನಾಲ್ಕು ಜನ ಸೇರಿದರು. ವಾರಗಿತ್ತಿ ಮೊಣಕೈಯಲ್ಲಿ ತಿವಿದು, "ಫ್ಯಾಟ್ ಕೂಗ್ದಂಗೆ ಕೂಗು" ಎಂದಳು. ಹಾಗೇ ಕೂಗಿದೆ. ಉದ್ದ ಮಾತು ಬೇಡವಾಯಿತು. "ಕೆಂಪು ದಾರ ಒಲ್ದಿರೋ ಮೂಟೆ ಆಕ್ಬ್ಯಾಡಿ, ಬೂಷ್ಟು ಬಂದದೆ. ಬಿಳಿ ದಾರದ್ದಾದ್ರೂ ನಾಲ್ಗೆಗೆ ಮಡಗಿ ನೋಡಿ ಆಕಿ. ಪುಡಿ ಗಂಜಿಲಿ ಕುಡ್ಸಿ. ನಾನೂ ಕುಡ್ಸಿವ್ನಿ. ಅಸ ಇನ್ನೂ ಪೂರಾ ಎದ್ದಿಲ್ಲ, ಎದ್ರೆ ಎದ್ದದೆ ಅಂತ ಏಳ್ತೀನಿ. ಡಾಕ್ಟ್ರಿಗೆ ತೋರ್ಸಿ." ಅಷ್ಟೇ.

ಹನೂರು ದಾಟಿ ಅಜ್ಜೀಪುರ ಮುಟ್ಟುವ ಹೊತ್ತಿಗೆ ನನ್ನ ಗಂಟಲು ಬಿದ್ದುಹೋಗಿತ್ತು.

ಅಲ್ಲಿ ಒಬ್ಬ ಹೆಂಗಸು ಆಟೋದ ಮುಂದೆಯೇ ನಿಂತು ಕೇಳಿದಳು: "ಈ ದನಿ ಮೊನ್ನೆ ಬಂದಿತ್ತಲ್ಲ, ನೀನೇನವ್ವ ಅದು?"

"ಔದು ಕಣವ್ವ, ನಾನೇ."

"ಅವಾಗ ಗೋಮಾತೆ ಪಾಮಾತೆ ಅಂತಿದ್ದೆ?"

"ಅದು ಅವ್ರ್ ಕೊಟ್ಟಿದ್ದ ಕಾಗ್ದ."

"ಈಗ?"

"ಈಗ ಕಾಗ್ದ ಇಲ್ಲ."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅಷ್ಟರಲ್ಲಿ ಒಬ್ಬ ಮುದುಕಿ ಗುಂಪು ಸರಿಸಿಕೊಂಡು ಬಂದು ತಟ್ಟೆಯ ಮೇಲಿನ ಬಟ್ಟೆ ಎತ್ತಿದಳು. ತಮಿಳು ಮನೆಯವಳು. "ಪುಳು ತಿಂಗುದಾ?" ಎಂದಳು. ಹುಳ ಮೇಯುತ್ತಿದೆಯಾ ಎಂದು. ವಾರಗಿತ್ತಿಗೆ ತಮಿಳು ಬಾರದು. ಮಾತಾಡದೆ ಒಂದು ಎಲೆಯನ್ನು ಹರಿದು ಹುಳಗಳ ಮೇಲೆ ಹಾಕಿದಳು. ಮುದುಕಿ ಬಗ್ಗಿ ಕಿವಿ ಕೊಟ್ಟಳು, ಬೆರಳಿನಿಂದ ಪುಡಿ ಮುಟ್ಟಿ ಮೂಸಿದಳು, ಒಂದು ಹುಳದ ಬೆನ್ನು ಸವರಿದಳು. ಅವಳ ಮನೆಯಲ್ಲೂ ಹುಳ ಸಾಕುತ್ತಿದ್ದರು ಎಂದು ಆ ಬೆರಳು ನೋಡಿದರೆ ತಿಳಿಯುತ್ತಿತ್ತು. ತಲೆ ಎತ್ತಿ, ತನ್ನ ಸೊಸೆಗೆ ಏನೋ ಹೇಳಿದಳು. ಸೊಸೆ ಮನೆಯ ಕಡೆ ಓಡಿದಳು. ಕೆಂಪು ದಾರದ ಮೂಟೆಯನ್ನು ದರದರ ಎಳೆದು ತಂದು ಬೀದಿಗೆ ಹಾಕಿದಳು. ಅವಳನ್ನು ನೋಡಿ ಇನ್ನೊಬ್ಬಳು ತಂದಳು. ನಾನು ಮೈಕನ್ನು ಕೆಳಗಿಟ್ಟೆ. ಮುಂದಿನ ಊರಿಗೆ ಸುದ್ದಿ ನಮಗಿಂತ ಮೊದಲೇ ಹೋಗಿತ್ತು.

ವಾಪಸು ಬರುವಾಗ, ಮಧುವನಹಳ್ಳಿ ಹತ್ತಿರ ಬಂದಂತೆ ವಾರಗಿತ್ತಿ ತಟ್ಟೆಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ದಿನವಿಡೀ ಅವಳು ಹಸುವಿನ ಹೆಸರೆತ್ತಿರಲಿಲ್ಲ. ಮನೆಯಿಂದ ಫೋನು ಬಂದಿರಲಿಲ್ಲ. ಬರದಿದ್ದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂದು ಇಬ್ಬರೂ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆವು.

ಹೊತ್ತು ಮುಳುಗುವಾಗ ಊರು ಸೇರಿದೆವು. ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು, ಬೆಳಿಗ್ಗೆ ಒಂದು ಹುಳವನ್ನೂ ಕೊಡುವುದಿಲ್ಲ ಎಂದವಳು. ಕೊಟ್ಟಿಗೆಯ ಕಡೆ ನೇರ ಹೋದಳು. ನಾನು ಹಿಂದಿನಿಂದ ಹೋದೆ. ಮೈದುನ ಬಾಗಿಲಲ್ಲಿ ಕೂತಿದ್ದವನು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದ. ಒಳಗೆ ಕತ್ತಲು. ಕಣ್ಣು ಹೊಂದುವ ಮೊದಲೇ ಕೇಳಿಸಿತು. ಹಸು ಎದ್ದು ನಿಂತಿತ್ತು. ದವಡೆ ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ತಿರುಗುತ್ತಿತ್ತು. ಮೆಲುಕು ಹಾಕುತ್ತಿತ್ತು. ವಾರಗಿತ್ತಿ ಅದರ ಹೊಟ್ಟೆಯ ಕೆಳಭಾಗಕ್ಕೆ ಅಂಗೈ ಒತ್ತಿ ನಿಂತಳು. ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ "ಒದೀತಾ ಅದೆ" ಎಂದಳು. ಒಳಗಿನ ಕರು.

ಅಲ್ಲಿಂದ ಮುಂದೆ ಎಲ್ಲ ಹಸುಗಳೂ ಒಂದೇ ಸಲ ಸರಿಹೋದವು ಎಂದು ಹೇಳಲಾರೆ. ನನ್ನ ಹಸು ಆ ಸಲ ಪೂರಾ ಹಾಲಿಗೆ ಬರಲೇ ಇಲ್ಲ. ಕಂಪನಿ ಮೂಟೆಗಳನ್ನು ಬದಲಾಯಿಸಿ ಕೊಟ್ಟಿತು, ಯಾಕೆಂದು ಬಾಯಿಬಿಟ್ಟು ಹೇಳದೆಯೇ. ಕೆಲವು ದಿನ ಕಳೆದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಅವರ ಹೊಸ ಫ್ಲೆಕ್ಸು ನೋಡಿದೆ, ಸಾವಿರಾರು ಹಸುಗಳನ್ನು ಉಳಿಸಿದ್ದು ತಾವೇ ಎಂದು. ಓದಿದೆ, ಬಸ್ಸು ಹತ್ತಿದೆ. ಆ ಅಧಿಕಾರಿ ಮಾತ್ರ ಅದೇ ಕೆಲಸದಲ್ಲಿ ಉಳಿದ ಎಂದು ತಿಳಿದಾಗ ಮನಸ್ಸು ಹಗುರವಾಯಿತು. ವ್ಯಾನಿಗೆ ಹಾಲು ಹಾಕುತ್ತಿದ್ದವರು ಒಬ್ಬೊಬ್ಬರಾಗಿ ಡೈರಿಗೆ ಹಿಂದಿರುಗಿದರು.

ನನಗೆ ನೆನಪಿರುವುದು ಆ ಸಂಜೆಯೇ. ಕೊಟ್ಟಿಗೆಯ ಹೊಸ್ತಿಲ ಮೇಲೆ ಇಬ್ಬರೂ ಕುಸಿದು ಕೂತಿದ್ದೆವು. ಹಸುವಿನ ದವಡೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ವಾರಗಿತ್ತಿ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದಳು.

"ಅಕ್ಕ, ಬೆಳಗ್ನಿಂದ ನಾವೇನಾದ್ರೂ ಉಂಡ್ವಾ?"

ಯೋಚಿಸಿದೆ. ಉಂಡಿರಲಿಲ್ಲ. ನೀರೂ ಕುಡಿದ ನೆನಪಿರಲಿಲ್ಲ. ಅವಳು ಹೇಳುವವರೆಗೂ ಹೊಟ್ಟೆ ಖಾಲಿ ಇದೆ ಎಂದು ನನಗೆ ತಿಳಿದೇ ಇರಲಿಲ್ಲ. ತಿಳಿದ ಕೂಡಲೇ ತಡೆಯಲಾರದಷ್ಟು ಹಸಿವಾಯಿತು.

"ಏಳು, ಮುದ್ದೆ ತಿರುವ್ತೀನಿ" ಎಂದು ಅವಳು ಎದ್ದಳು. ನನ್ನ ಕೈ ಹಿಡಿದು ಎಬ್ಬಿಸಿದಳು.